ಕ್ಲಿಯೋಫಸ್‌ನ ಆರು ತಾಸು

ಜನವರಿ ೨೨, ಗುರುವಾರ, ಡೆಟ್ರಾಯಿಟ್

ನಿನ್ನೆಯ ತಪ್ಪು ಇನ್ನೂ ಚುಚ್ಚುತ್ತಿದೆ. ಡಯಾಲಿಸಿಸ್ ನರ್ಸ್ ಆದ ನಾನು ಮೇಲ್ವಿಚಾರಕನ ಅವಸರಕ್ಕೆ ಬಗ್ಗಿ, ಐಸಿಯುನಲ್ಲಿರುವ ಮುದುಕ ಕ್ಲಿಯೋಫಸ್‌ನ ಕಿಡ್ನಿ ಕೆಟ್ಟು ಮೈಯಲ್ಲಿ ತುಂಬಿದ್ದ ಮೂರು ಲೀಟರ್ ನೀರನ್ನು ಮೆಷಿನ್ನಿನಿಂದ ಮೂರೇ ತಾಸಿನಲ್ಲಿ ಎಳೆಯಹೊರಟೆ. ಬಿಪಿ ಎಪ್ಪತ್ತಕ್ಕೆ ಕುಸಿಯಿತು. ಇನ್ನೊಮ್ಮೆ ಕುಸಿದರೆ ಆ ಹೃದಯ ತಡೆಯದು.

ಇವತ್ತು ಡಾಕ್ಟರ ಬೆನ್ನುಬಿದ್ದು ಆರು ತಾಸಿನ ಡಯಾಲಿಸಿಸ್ ಬರೆಸಿದೆ. ಬಿಪಿ ಬೀಳದಿರಲೆಂದು ಮೆಷಿನ್ನಿನ ದ್ರವವನ್ನೂ ತಣ್ಣಗಿಟ್ಟೆ. ಮುದುಕ ನಡುಗಿದ. ಹೆಂಡತಿ ವರ್ಲೀನ್ ಹರಿಹಾಯ್ದಳು.

"ಏನೇ ಹುಡುಗಿ, ನನ್ ಗಂಡನ್ನ ಫ್ರಿಜ್ಜಲ್ಲಿಡೋ ಮಾಂಸದ ತುಂಡು ಅಂದ್ಕೊಂಡಿದೀಯಾ?"

"ಎಷ್ಟ್ ಬೇಕಾದ್ರೂ ಬೈರಿ, ವರ್ಲೀನ್ ಅವ್ರೇ. ಬಿಸಿ ಮಾಡಿದ್ರೆ ಬಿಪಿ ಬೀಳತ್ತೆ. ನೀವು ಕೈ ಹಿಡ್ಕೊಂಡು ಕೂತ್ಕೊಳ್ಳಿ."

ಕೂತಳು. ಅಷ್ಟರಲ್ಲಿ ಮೇಲ್ವಿಚಾರಕ ಬಂದ. "ಮುಂದಿನ ಪೇಷಂಟ್ ಕಾಯ್ತಿದಾರೆ, ಮೆಷಿನ್ ಸ್ಪೀಡ್ ಏರಿಸು."

ನಾನು ಬಾಯಿ ತೆರೆಯುವ ಮೊದಲೇ ವರ್ಲೀನ್ ಎದ್ದಳು. "ಫ್ಯಾಕ್ಟರೀಲಿ ಕಾರ್ ಜೋಡಿಸೋ ಲೈನಿನ ಸ್ಪೀಡ್ ಇಳಿಸೋಕೆ ಹನ್ನೊಂದು ವಾರ ಸ್ಟ್ರೈಕ್ ಮಾಡಿದ ಮನುಷ್ಯ ಕಣೋ ಇವ್ರು! ಇವ್ರ ರಕ್ತದ ಸ್ಪೀಡ್ ಏರಿಸ್ತೀಯಾ?"

ಗಂಟಲಲ್ಲಿ ನಳಿಕೆಯಿದ್ದ ಮುದುಕ ಮಾತಾಡಲಾರ. ಅಂಗೈ ಚಾಚಿ ನಿಧಾನ, ನಿಧಾನ ಎಂದು ಕೆಳಕ್ಕೆ ಒತ್ತಿದ. ಮೇಲ್ವಿಚಾರಕ ಜಾಗ ಖಾಲಿ ಮಾಡಿದ.

ಆರು ತಾಸೂ ಬಿಪಿ ನೂರರ ಕೆಳಗಿಳಿಯಲಿಲ್ಲ.

"ಶನಿವಾರಾನೂ ನೀನೇ ಬರ್ಬೇಕು, ಇನ್ಯಾರಿಗೂ ಮುಟ್ಟೋಕ್ ಬಿಡಲ್ಲ" ಎಂದಳು ವರ್ಲೀನ್.

ಶನಿವಾರ ನನಗೆ ರಜೆ. ಹೋಗುತ್ತೇನೆ. ಮತ್ತೆ ಯಾರಾದರೂ ಅವಸರ ಅಂತ ಬಂದರೆ, ವರ್ಲೀನ್ ಏಳುವ ಮೊದಲೇ ನಾನೇ ಆಗಲ್ಲ ಎನ್ನುತ್ತೇನೆ.