ಮುರಾನಿಷಿಯ ಹಣೆಗೆ ಗಂಧ

ಹೌನ್ಸ್ಲೋ,
ಗುರುವಾರ, ಅಕ್ಟೋಬರ್ 9, 2025

ಪ್ರೀತಿಯ ತಮ್ಮ ಶ್ರವಣನಿಗೆ, ಪ್ರೀತಿ ಇನ್ನೂ ಸ್ವಲ್ಪ ಉಳಿದಿರುವ ಅಕ್ಕ ಬರೆಯುವುದು.

ಆರೋಗ್ಯವಾಗಿದ್ದೀಯಾ? ಕ್ಯಾನರಿ ವಾರ್ಫಿನಲ್ಲಿ ನಿನ್ನ ಗೆಳೆಯ ಸಂದೀಪನ ಫ್ಲ್ಯಾಟಿನ ಸೋಫಾ ಗಿಡ್ಡವಂತೆ, ಕಾಲು ಹೊರಗೆ ಚಾಚಿಕೊಂಡು ಮಲಗುತ್ತೀಯಂತೆ. ಮೂವತ್ತು ದಾಟಿದ ಗಂಡಸು ಸಿಟ್ಟು ಮಾಡಿಕೊಂಡು ಮನೆ ಬಿಟ್ಟು ಸೇರಿದ ಅರಮನೆ ಅದು. ಫೋನಿನಲ್ಲಿ ನಮ್ಮನ್ನೆಲ್ಲ ಬ್ಲಾಕ್ ಮಾಡಿದ್ದೀ, ಸಂದೀಪನ ಬಾಯಲ್ಲಿ ಹೇಳಿಸಿದರೆ ಕಿವಿಗೆ ಹೆಡ್‌ಫೋನ್ ಹಾಕುತ್ತೀ, ಅದಕ್ಕೇ ಕಾಗದ. ಅಪ್ಪಯ್ಯ ಭಾನುವಾರ ಭಾನುವಾರ ಕೂರಿಸಿ ಕಲಿಸಿದ ಕನ್ನಡ ಇವತ್ತಾದರೂ ಉಪಯೋಗಕ್ಕೆ ಬರಲಿ. ಅಮ್ಮ ಚೆನ್ನಾಗಿದ್ದಾಳೆ, ಬೈಯಲು ನೀನಿಲ್ಲವೆಂದು ನನ್ನನ್ನು ಬೈಯುತ್ತಾಳೆ. ಅಪ್ಪಯ್ಯ ಮಾತ್ರ ಬೇಕೇ ಬೇಕಾದರಷ್ಟೇ ಬಾಯಿ ಬಿಡುತ್ತಾರೆ. ನೀನು ಬಂದು ಅವರ ಎದುರು ನಿಲ್ಲುವವರೆಗೆ ಈ ಮನೆ ಸರಿಹೋಗುವುದಿಲ್ಲ. ಇಲ್ಲದಿದ್ದರೆ ನಿನ್ನಂಥವನಿಗೆ ಇಷ್ಟುದ್ದ ಬರೆಯುವ ಹುಚ್ಚು ನನಗಿಲ್ಲ.

ನಿನ್ನ ದೇವರ ವಿಷಯಕ್ಕೆ ಬರೋಣ. ಮುರಾನಿಷಿ, ಜಪಾನಿನ ಬೇಸ್‌ಬಾಲ್ ಪಿಚರ್. ಹದಿನೆಂಟು ವರ್ಷ ಚೆಂಡೆಸೆದ, ಗೆದ್ದಷ್ಟೇ ಸೋತ. ಅಮೆರಿಕಕ್ಕೆ ಹೋಗಿ ಹೆಚ್ಚಿನ ಕಾಲ ಬೆಂಚಿನ ಮೇಲೆ ಕೂತ, ಭುಜ ಕೊಯ್ಯಿಸಿಕೊಂಡು ವಾಪಸು ಬಂದ, ಯಾರಿಗೂ ಬೇಡವಾದ ತಂಡವೊಂದನ್ನು ಸೇರಿದ. ಊಟಕ್ಕೆ ಕೂತಾಗಲೆಲ್ಲ ನೀನು ಈ ಪುರಾಣ ಓದಿ ಓದಿ ಅಮ್ಮನಿಗೂ ಬಾಯಿಪಾಠವಾಗಿದೆ. ಸಾಲದ್ದಕ್ಕೆ ಅವನ ಕಾರ್ಡುಗಳು. ಇಸ್ಪೀಟಿನ ಎಲೆಯಷ್ಟು ರಟ್ಟು, ಮುಂದೆ ಅವನ ಮುಖ, ಹಿಂದೆ ಒಂದಿಷ್ಟು ಅಂಕಿ. ಅದಕ್ಕೊಂದು ಗಟ್ಟಿ ಪ್ಲಾಸ್ಟಿಕ್ ಕವಚ, ಮುಟ್ಟಲು ಕೈಗವಸು. ಅಷ್ಟು ಮಡಿ ನಮ್ಮ ದೇವರ ಕೋಣೆಗೂ ಇಲ್ಲ. ಅವನ ವಿದಾಯದ ಪಂದ್ಯ ನೋಡಲು ನೀನು ಆಫೀಸಿಗೆ ಹೊಟ್ಟೆನೋವೆಂದು ಸುಳ್ಳು ಹೇಳಿ ಬೆಳಿಗ್ಗೆಯೇ ಸಂದೀಪನ ಮನೆಗೆ ಓಡಿದೆ. ಮಹಾನುಭಾವ ಒಬ್ಬನೇ ಒಬ್ಬನಿಗೆ ಚೆಂಡೆಸೆದು, ಟೋಪಿ ತೆಗೆದು ಬಗ್ಗಿದನಂತೆ, ನೀನು ಗೊಳೋ ಎಂದು ಅತ್ತೆಯಂತೆ. ಅಜ್ಜಿ ತೀರಿಕೊಂಡ ಸುದ್ದಿ ಹೇಳಲು ಫೋನ್ ಮಾಡಿದರೆ ‘ಟ್ಯೂಬ್ ರೈಲಿನಲ್ಲಿದ್ದೇನೆ, ಆಮೇಲೆ ಮಾತಾಡುತ್ತೇನೆ’ ಅಂದವನು ನೀನೇ ಅಲ್ಲವಾ?

ಅದೇ ದಿನ ಇಲ್ಲಿ ಆಯುಧಪೂಜೆ. ಅಪ್ಪಯ್ಯ ಪ್ರತಿವರ್ಷದ ಹಾಗೆ ಚಾಕು, ಸೌಟು, ಕಾರಿನ ಕೀಲಿಕೈ, ನನ್ನ ಲ್ಯಾಪ್‌ಟಾಪು ಎಲ್ಲ ಸಾಲಾಗಿ ಇಟ್ಟರು. ನಿನ್ನದೇನು ಇಡುವುದು? ನಿನ್ನ ಲ್ಯಾಪ್‌ಟಾಪು ನಿನ್ನ ಹೆಗಲಿಗೇ ಅಂಟಿಕೊಂಡು ಹೋಗಿತ್ತು. ಮಗ ದಿನಾ ಕೈಮುಗಿಯುವುದು ಇದಕ್ಕೇ ತಾನೇ ಎಂದು ಆ ಕಾರ್ಡುಗಳನ್ನು ತಂದರು. ಪ್ಲಾಸ್ಟಿಕ್ಕಿನ ಮೇಲೆ ಗಂಧ ಹಚ್ಚಿದರೆ ಪೂಜೆ ಸಲ್ಲುವುದಿಲ್ಲವೆಂದು ಕವಚ ಬಿಚ್ಚಿದರು. ನಾನು ಬೇಡವೆಂದೆ, ಕೇಳುತ್ತಾರಾ? ಮುರಾನಿಷಿಯ ಹಣೆಗೆ ಗಂಧ, ಗಂಧದ ಮೇಲೆ ಕುಂಕುಮ. ಸತ್ಯನಾರಾಯಣ ಪೂಜೆಗೆ ಬಂದ ಭಟ್ಟರ ಹಾಗೆ ಕಾಣುತ್ತಿದ್ದ ನಿನ್ನ ಜಪಾನಿನವನು. ‘ಇವ ಎಂತಕ್ಕೆ ಕೆಲ್ಸ ಬಿಡುದ್?’ ಎಂದು ಕೇಳಿದರು. ಭುಜ ಹೋಗಿದೆಯಂತೆ ಎಂದೆ. ‘ಭುಜ ಹೋದ್ ಮೇಲ್ ಎಂತ ಮಾಡುಕಾತ್ತ್, ಪಾಪ’ ಎಂದು ಇನ್ನೊಂದು ಕಾರ್ಡಿಗೂ ಬೊಟ್ಟಿಟ್ಟರು.

ಸಂಜೆ ಬಂದು ನೀನು ಮನೆ ಹಾರಿಹೋಗುವ ಹಾಗೆ ಕೂಗಾಡಿದೆ. ಕಾರ್ಡು ಹಾಳಾಯಿತು, ಒಪ್ಪಿದೆ. ಗಂಧದ ಕಲೆ ರಟ್ಟಿನಿಂದ ಹೋಗುವುದಿಲ್ಲ. ಆದರೆ ‘ಎಣ್ಣೆ ಕೈಯವರಿಗೆ ಇದರ ಬೆಲೆ ಏನು ಗೊತ್ತು’ ಎಂದು ಇಂಗ್ಲಿಷಿನಲ್ಲಿ ಅಂದೆಯಲ್ಲ, ಅಪ್ಪಯ್ಯನಿಗೆ ಅರ್ಥವಾಗಲಿಲ್ಲ ಅಂದುಕೊಂಡೆಯಾ? ಲಂಡನ್ನಿನ ಹೊಟೇಲಿನಲ್ಲಿ ಅರ್ಧ ಆಯುಸ್ಸು ಅಡುಗೆ ಮಾಡಿದ ಮನುಷ್ಯ, ಇಂಗ್ಲಿಷ್ ಬೈಗುಳದಲ್ಲಿ ನಿನಗಿಂತ ಹೆಚ್ಚು ಪಳಗಿದ್ದಾರೆ. ಆ ಎಣ್ಣೆ ಕೈಯೇ ನಿನ್ನನ್ನು ಓದಿಸಿದ್ದು ಎಂದು ನಾನು ಹೇಳುವುದಿಲ್ಲ, ಅದು ಸಿನಿಮಾದ ಮಾತು. ಅಪ್ಪಯ್ಯನೇನೂ ದೇವತಾ ಮನುಷ್ಯರಲ್ಲ. ಸಾಂಬಾರಿಗೆ ಉಪ್ಪು ಜಾಸ್ತಿ ಹಾಕುತ್ತಾರೆ, ಮೂಗಿನ ತುದಿಯಲ್ಲಿ ಸಿಟ್ಟು, ಕುಂದಾಪುರದಿಂದ ಬಂದವರಲ್ಲಿ ಅವರೊಂದಿಗೆ ಜಗಳವಾಡದವರು ಯಾರೂ ಉಳಿದಿಲ್ಲ. ಆದರೂ ಆ ಮಾತು ಆಡುವ ಯೋಗ್ಯತೆ ನಿನಗಿಲ್ಲ. ಮೊಟ್ಟೆ ಬೇಯಿಸಲು ಬಾರದವನು ನೀನು. ನನಗೆ ಆ ದಿನ ನಿನ್ನನ್ನು ನೋಡಿ ಹೇಸಿಗೆಯಾಯಿತು, ಮುಚ್ಚಿಡುವುದಿಲ್ಲ.

ಅಮ್ಮ ಆಶೀರ್ವಾದ ತಿಳಿಸಲು ಹೇಳಿದ್ದಾಳೆ. ಸಂದೀಪನಿಗೆ ನನ್ನ ನೆನಪು ಹೇಳು, ಅವನ ತಾಳ್ಮೆ ದೊಡ್ಡದು. ದೇವರು ನಿನಗೆ ಒಳ್ಳೆಯ ಬುದ್ಧಿ ಕೊಡಲಿ, ಯಾವ ದೇಶದ ದೇವರಾದರೂ ಸರಿ.

ನಿನ್ನ ಅಕ್ಕ,
ನವ್ಯಾ

ತಾ.ಕ.: ಕಾಗದ ಒಯ್ಯಲು ಸಂದೀಪ ಕೆಳಗೆ ಕಾರಿನಲ್ಲಿ ಕಾಯುತ್ತಿದ್ದಾನೆ, ಗೀಚುತ್ತಿದ್ದೇನೆ. ನಾಡಿದ್ದು ಶನಿವಾರ ಅಪ್ಪಯ್ಯನಿಗೆ ಹೊಟೇಲಿನಲ್ಲಿ ಕೊನೆಯ ದಿನ. ಬಲಗೈ ಮೇಲೆತ್ತಲು ಆಗುವುದಿಲ್ಲ, ಡಾಕ್ಟರು ಅಡುಗೆ ಕೆಲಸ ಸಾಕು ಅಂದಿದ್ದಾರೆ. ಪೂಜೆಯ ದಿನವೇ ಅವರಿಗೆ ಗೊತ್ತಿತ್ತು, ನಮಗೆ ಹೇಳಿದ್ದು ನಿನ್ನೆ. ನಿನಗೆ ತಿಳಿಸಬಾರದೆಂದು ಆಣೆ ಹಾಕಿಸಿದ್ದಾರೆ, ನಾನು ಮುರಿದಿದ್ದೇನೆ. ಮಧ್ಯಾಹ್ನದ ಗಲಾಟೆ ಮುಗಿದ ಮೇಲೆ, ಮೂರು ಗಂಟೆಗೆ, ಅಡುಗೆಮನೆಯಲ್ಲೇ ಕೇಕು ಕತ್ತರಿಸುತ್ತಾರಂತೆ. ನೀನು ಬರುತ್ತೀಯಾ ಎಂದು ಅವರು ಕೇಳುವುದಿಲ್ಲ. ನೀನು ಬಾರದಿದ್ದರೆ ‘ಮಗನಿಗೆ ಶನಿವಾರವೂ ಆಫೀಸು, ದೊಡ್ಡ ಕೆಲಸ’ ಎಂದು ಎಲ್ಲರ ಮುಂದೆ ಹೆಮ್ಮೆಯಿಂದ ಹೇಳುತ್ತಾರೆ, ನಾನು ಪಕ್ಕದಲ್ಲಿ ನಿಂತು ಹೌದು ಹೌದು ಅನ್ನಬೇಕು.