ಗಂಡಸರಿಗೆ ಹೇಳಬೇಕಾದ ಮಾತು

ಮಾನ್ಯ ಮೇಡಂ,

ಆಪ್ತಸಮಾಲೋಚನೆಯ ತರಬೇತಿಯಲ್ಲಿ ನೀವು ನನಗೆ ಕೊಟ್ಟ ಪೂರ್ತಿ ಅಂಕಗಳನ್ನು ದಯವಿಟ್ಟು ಹೊಡೆದುಹಾಕಿ. ಸೋಮವಾರ, ಹೆಂಡತಿ ಬಿಟ್ಟುಹೋದ ಬಸ್ ಚಾಲಕರು ನನ್ನೆದುರು ಅತ್ತರು. "ಗಂಡಸಾಗಿ ಹಿಂಗೆ ಅಳ್ತೀರಾ ಅಣ್ಣ? ಮೊದ್ಲು ಕೆಲಸಕ್ಕೆ ಹೋಗಿ" ಎಂದೆ. "ತಪ್ಪಾಯ್ತಮ್ಮ" ಎಂದು ಕಣ್ಣೊರೆಸಿಕೊಂಡು ಎದ್ದುಹೋದರು. ಅದೇ ಮಧ್ಯಾಹ್ನ, ಗಂಡ ಬಿಟ್ಟುಹೋದ ಟೈಲರಮ್ಮ ಅತ್ತಾಗ ಒಂದು ಗಂಟೆ ಮಾತಾಡದೆ ಕೇಳಿಸಿಕೊಂಡೆ. ಮೂಲೆಯಲ್ಲಿ ಕೂತಿದ್ದ ನೀವು ಎರಡನ್ನೂ ಮೆಚ್ಚಿ, "ಗಂಡಸರಿಗೆ ಹಾಗೇ ಹೇಳ್ಬೇಕು" ಎಂದಿರಿ.

ನಾನು ಒಪ್ಪುವುದಿಲ್ಲ. ನಿನ್ನೆ ಆ ಚಾಲಕರಿಗೆ ಫೋನ್ ಮಾಡಿ ಕ್ಷಮೆ ಕೇಳಿದೆ. ಅವರು, "ಅಂದ್ರೆ, ಅಲ್ಲಿ ಅಳಬಹುದಾ?" ಎಂದರು. ಗುರುವಾರ ನಾಲ್ಕಕ್ಕೆ ಬರುತ್ತಾರೆ. ಬಾಗಿಲು ಸರಿಯಾಗಿ ಮುಚ್ಚುವ ಕೋಣೆ ಕೊಡಿ. ಕೊಡದಿದ್ದರೆ ಮೆಟ್ಟಿಲ ಮೇಲಾದರೂ ಅವರ ಪಕ್ಕ ಕೂರುತ್ತೇನೆ. ಆಮೇಲೆ ಪ್ರಮಾಣಪತ್ರ ಕೊಡುವುದು, ಬಿಡುವುದು ನಿಮಗೆ ಬಿಟ್ಟದ್ದು.

ಇತಿ,
ಇನ್ನೂ ಕಲಿಯುತ್ತಿರುವ ನಿಮ್ಮ ವಿದ್ಯಾರ್ಥಿನಿ