ನಲವತ್ತಾರರ ಹೆಂಗಸಿಗೆ ಪೋಷಕರ ಸಹಿ

ಮಾನ್ಯ ಆಸ್ಪತ್ರೆ ನಿರ್ದೇಶಕರೇ,

ನಲವತ್ತಾರು ವರ್ಷದ, ಸ್ವಂತ ಸಂಬಳದಲ್ಲಿ ಬದುಕುವ, ಬುದ್ಧಿ ಸ್ವಾಧೀನದಲ್ಲಿರುವ ಹೆಂಗಸೊಬ್ಬಳು ತನ್ನ ಗರ್ಭಕೋಶ ತೆಗೆಸಿಕೊಳ್ಳಬೇಕಾದರೆ ನಿಮ್ಮ ಆಸ್ಪತ್ರೆಗೆ ಅವಳ ಪೋಷಕರ ಸಹಿ ಬೇಕು. ಪೋಷಕರೆಂದರೆ ಗಂಡ. ಗಂಡ ಇಲ್ಲದಿದ್ದರೆ ತಂದೆ. ತಂದೆ ತೀರಿಕೊಂಡಿದ್ದರೆ ತಮ್ಮನಾದರೂ ಆಗಬಹುದು, ತಾಯಿ ಮಾತ್ರ ಲೆಕ್ಕಕ್ಕಿಲ್ಲ. ಆ ಸಹಿ ಇಲ್ಲವೆಂದು ಹೋದ ತಿಂಗಳು ನನ್ನ ಶಸ್ತ್ರಚಿಕಿತ್ಸೆಯನ್ನು ಮುಂದಕ್ಕೆ ಹಾಕಲಾಯಿತು. ಅಪ್ಪನ ಕೆಲಸದ ದೆಸೆಯಿಂದ ನಾನು ಮನಿಲಾದ ಇಂಗ್ಲಿಷ್ ಶಾಲೆಯಲ್ಲಿ ಓದಿದವಳು. ಪ್ರೋಗ್ರೆಸ್ ಕಾರ್ಡಿಗೆ ಪೋಷಕರ ಸಹಿ ಹಾಕಿಸಿಕೊಂಡು ಬರದವರನ್ನು ಅಲ್ಲಿ ತರಗತಿಯ ಹೊರಗೆ ನಿಲ್ಲಿಸುತ್ತಿದ್ದರು. ನೀವು ಆಪರೇಷನ್ ಥಿಯೇಟರಿನ ಹೊರಗೆ ನಿಲ್ಲಿಸಿದ್ದೀರಿ. ವ್ಯತ್ಯಾಸ ಅಷ್ಟೇ.

ಈ ಪತ್ರವನ್ನು ಪತ್ರಿಕೆಗೂ ಕಳಿಸುತ್ತೇನೆಂದಾಗ, ಇಂಥದ್ದನ್ನೆಲ್ಲ ಅಲ್ಲಿ ಬರೆಯುವುದು ಮರ್ಯಾದೆಯಲ್ಲ ಎಂದು ಅಮ್ಮ ಹೇಳಿದರು. ಮರ್ಯಾದೆ ಕಾಪಾಡಿಕೊಂಡೇ ಆರು ವರ್ಷ ಕಳೆದಿದ್ದೇನೆ. ಈ ಆರು ವರ್ಷ ನಾನು ಕಪ್ಪು ಪ್ಯಾಂಟು ಬಿಟ್ಟು ಬೇರೇನನ್ನೂ ಹಾಕಿಲ್ಲ. ಕಚೇರಿಯ ಸಭೆಗಳಲ್ಲಿ ಕುರ್ಚಿಯ ಅಂಚಿನಲ್ಲೇ ಕೂರುತ್ತೇನೆ, ಎದ್ದ ಕೂಡಲೇ ತಿರುಗಿ ಕುರ್ಚಿ ನೋಡುತ್ತೇನೆ. ರಾತ್ರಿಗೆ ಪ್ಯಾಡು ಸಾಲದೆ ವಯಸ್ಸಾದವರ ಡೈಪರ್ ಕೊಳ್ಳುವಾಗ ಅಂಗಡಿಯವನಿಗೆ "ಅಮ್ಮನಿಗೆ" ಅನ್ನುತ್ತೇನೆ. ಅಮ್ಮ ಎಪ್ಪತ್ತೆಂಟರಲ್ಲೂ ಭಾನುವಾರ ಬೆಟ್ಟ ಹತ್ತಿ ಬರುತ್ತಾರೆ. ಪ್ರತಿ ತಿಂಗಳೂ ಅವರೇ ನನಗೆ ಕಡಲಪಾಚಿಯ ಸಾರು ಮಾಡಿ ಕಳಿಸುತ್ತಾರೆ. ನಮ್ಮಲ್ಲಿ ಅದು ಬಾಣಂತಿಗೆ ಕೊಡುವ ಸಾರು. ಒಂದೂ ಹೆರದೆ ನಾನು ಎಪ್ಪತ್ತು ಬಾಣಂತನ ಮಾಡಿಸಿಕೊಂಡಿದ್ದೇನೆ.

ಮೆಟ್ರೋದಲ್ಲಿ ಗರ್ಭಿಣಿಯರಿಗೆಂದು ಗುಲಾಬಿ ಬಣ್ಣದ ಸೀಟು ಬಿಟ್ಟಿರುತ್ತಾರಲ್ಲ, ಅದರ ಎದುರು ಎಷ್ಟೋ ಸಲ ಕಂಬ ಹಿಡಿದು ನಿಂತಿದ್ದೇನೆ. ಒಂದು ದಿನ ಅದರ ಮೇಲೆಯೇ ಕೂತುಬಿಟ್ಟೆ. ಪಕ್ಕದ ಸೀಟಿನಲ್ಲಿ ಈರುಳ್ಳಿ ಸೊಪ್ಪಿನ ಚೀಲ ಇಟ್ಟುಕೊಂಡಿದ್ದ ಅಜ್ಜಿ ನನ್ನ ಹೊಟ್ಟೆ ನೋಡಿದರು.

"ಎಷ್ಟು ತಿಂಗಳಮ್ಮಾ?"

ಐದು ಎನ್ನಬಹುದಿತ್ತು. ನನ್ನ ಗರ್ಭಕೋಶ ಐದು ತಿಂಗಳ ಬಸುರಿನಷ್ಟು ದೊಡ್ಡದಾಗಿದೆ ಎಂದು ನಿಮ್ಮ ವೈದ್ಯರೇ ಹೇಳಿದ್ದರು. ಆದರೆ ಸುಳ್ಳು ಹೇಳುವಷ್ಟು ಶಕ್ತಿಯೂ ನನ್ನಲ್ಲಿರಲಿಲ್ಲ.

"ಮಗು ಅಲ್ಲ ಅಜ್ಜಿ, ಗೆಡ್ಡೆಗಳು. ತುಂಬಾ ರಕ್ತ ಹೋಗ್ತಿದೆ, ನಿಲ್ಲೋಕಾಗ್ಲಿಲ್ಲ," ಎಂದು ಏಳಹೊರಟೆ. ಅಜ್ಜಿ ನನ್ನ ತೋಳು ಹಿಡಿದು ಜಗ್ಗಿದರು.

"ಕೂತ್ಕೊಳ್ಳೇ ಸುಮ್ನೆ! ಹೊತ್ಕೊಂಡು ತಿರುಗೋಳು ನೀನು ತಾನೆ? ಒಳಗೇನಿದೆ ಅಂತ ಸೀಟಿಗೇನು ಗೊತ್ತು?" ಆಮೇಲೆ ಎದುರಿಗೆ ಕಣ್ಣು ಬಿಟ್ಟುಕೊಂಡು ಕೂತಿದ್ದ ಗಂಡಸಿನ ಕಡೆ ತಿರುಗಿ, "ನೀನೇನಪ್ಪಾ ನೋಡ್ತಿದೀಯ? ಫೋನ್ ನೋಡ್ಕೋ," ಅಂದರು.

ಶಸ್ತ್ರಚಿಕಿತ್ಸೆಗೆ ನಾನು ಎದ್ದೆನೋ ಬಿದ್ದೆನೋ ಎಂದು ಓಡಿ ಬಂದವಳಲ್ಲ. ರಕ್ತಸ್ರಾವ ಕಡಿಮೆ ಮಾಡುವ ಮಾತ್ರೆ ನುಂಗಿದೆ, ಒಂದಿಷ್ಟು ಕಡಿಮೆಯಾಯಿತು, ಸಾಲಲಿಲ್ಲ. ಗರ್ಭಕೋಶದೊಳಗೆ ಹಾರ್ಮೋನಿನ ವಂಕಿ ಹಾಕಿಸಿಕೊಂಡೆ, ಒಳಗಿನ ಗೆಡ್ಡೆ ಅದನ್ನು ಹೊರಗೆ ತಳ್ಳಿತು. ಮುಟ್ಟು ನಿಲ್ಲಿಸುವ ಚುಚ್ಚುಮದ್ದು ಕೆಲಸ ಮಾಡಿತು. ಆದರೆ ಮೈಯೆಲ್ಲ ಬೆಂಕಿಯಾಗಿ, ನಾನು ಜನವರಿಯ ಚಳಿಯಲ್ಲಿ ಕಿಟಕಿ ತೆರೆದು ಮಲಗುತ್ತಿದ್ದೆ. ಬಹಳ ಕಾಲ ಕೊಡುವ ಔಷಧವಲ್ಲ ಅದು, ನಿಲ್ಲಿಸಿದ ಮೇಲೆ ರಕ್ತ ಬಾಕಿಯನ್ನೂ ಸೇರಿಸಿಕೊಂಡಂತೆ ಬಂತು. ಹೊರಗಿನಿಂದಲೇ ಅಲ್ಟ್ರಾಸೌಂಡಿನಲ್ಲಿ ಸುಡುವ ಚಿಕಿತ್ಸೆ ಮಾಡಿಸಿ ಒಂದು ಗೆಡ್ಡೆ ಸುಡಿಸಿದೆ. ಉಳಿದವು ಬೆಳೆದವು. ರಕ್ತನಾಳ ಮುಚ್ಚಿ ಗೆಡ್ಡೆಗಳನ್ನು ಒಣಗಿಸುವ ವಿಧಾನದ ಬಗ್ಗೆ, ಗೆಡ್ಡೆಗಳನ್ನಷ್ಟೇ ಕಿತ್ತು ಗರ್ಭಕೋಶ ಉಳಿಸುವ ಬಗ್ಗೆ ಇಂಗ್ಲಿಷಿನಲ್ಲಿ ಸಿಕ್ಕಿದ್ದನ್ನೆಲ್ಲ ಓದಿ, ಪ್ರಶ್ನೆಗಳನ್ನು ಬರೆದುಕೊಂಡು ನಿಮ್ಮ ವೈದ್ಯರ ಮುಂದೆ ಕೂತೆ. ಅವರ ಪ್ರಶ್ನೆ ಒಂದೇ ಇತ್ತು.

"ಮದುವೆ ಆಗಿದೆಯಾ?"

"ಇಲ್ಲ."

"ಹಾಗಾದ್ರೆ ಉಳಿಸ್ಕೊಳ್ಳೋಣ. ನಾಳೆ ಗಂಡ ಬಂದು ಕೇಳಿದ್ರೆ ನಾವೇನು ಹೇಳೋದು?"

"ಬಂದ್ರೆ ನನ್ನ ಹತ್ರ ಕಳ್ಸಿ ಡಾಕ್ಟರೇ. ಇಷ್ಟು ತಡ ಯಾಕೆ ಮಾಡ್ದ ಅಂತ ನಾನೂ ಕೇಳ್ಬೇಕು."

ಅವರು ನಕ್ಕರು. ನಿಜ ಹೇಳಬೇಕೆಂದರೆ, ನಕ್ಕ ಮೇಲೆ ಎಲ್ಲವನ್ನೂ ತಾಳ್ಮೆಯಿಂದ ವಿವರಿಸಿದರು. ನನ್ನ ಸ್ಥಿತಿಯಲ್ಲಿರುವ ಇನ್ನೊಬ್ಬಳು ಗರ್ಭಕೋಶ ಉಳಿಸಿಕೊಳ್ಳುತ್ತೇನೆ ಎಂದರೆ ಅದೂ ಸರಿಯೇ. ನಾನು ತಿಂಗಳುಗಟ್ಟಲೆ ಯೋಚಿಸಿದೆ. ಅದು ಹೋದರೆ ನಾನು ಏನನ್ನು ಕಳೆದುಕೊಳ್ಳುತ್ತೇನೆ ಎಂದು ನನ್ನನ್ನೇ ಕೇಳಿಕೊಂಡೆ, ಒಂದೆರಡು ಸಲ ಅತ್ತದ್ದೂ ಉಂಟು. ಕೊನೆಗೆ ತೆಗೆಸಿಬಿಡುತ್ತೇನೆ ಎಂದು ತೀರ್ಮಾನಿಸಿದೆ. ಅಪಾಯಗಳನ್ನೆಲ್ಲ ಓದಿ, ಅರ್ಥ ಮಾಡಿಕೊಂಡು, ಪುಟಪುಟಕ್ಕೂ ಸಹಿ ಹಾಕಿದೆ.

ಆಮೇಲೆ ಬಂತು ಪೋಷಕರ ಸಹಿಯ ಆ ಖಾಲಿ ಗೆರೆ. ಕೌಂಟರಿನ ಹುಡುಗಿ "ಪೋಷಕರು ಎಲ್ಲಿ?" ಎಂದು ಕೇಳಿದಳು. ನನ್ನ ಪಕ್ಕದಲ್ಲಿದ್ದ ಬೆ ಸುಗ್ಯಂಗ್ ಮುಂದೆ ಬಂದಳು.

"ನಾನೇ."

"ನೀವು ಇವರಿಗೆ ಏನಾಗ್ಬೇಕು?"

"ಗೆಳತಿ. ಹದಿನೇಳು ವರ್ಷದಿಂದ ಒಂದೇ ಮನೇಲಿದೀವಿ."

"ಹೊರಗೆ ಕಾಯೋದಾದ್ರೆ ಕಾಯ್ಬಹುದು. ಸಹಿಗೆ ಕುಟುಂಬದವರೇ ಆಗ್ಬೇಕು ಮೇಡಂ."

"ಇವಳು ಬಾತ್‌ರೂಮಲ್ಲಿ ತಲೆ ಸುತ್ತಿ ಬಿದ್ದಾಗ ಎತ್ತಿದ್ದು ನಾನು. ಆವತ್ತು ಕುಟುಂಬದವರು ಎಲ್ಲಿದ್ರು ಅಂತ ಅದ್ರಲ್ಲೇ ಬರ್ಕೊಳ್ಳಿ."

"ನಿಯಮ ನಾನು ಮಾಡಿದ್ದಲ್ಲ ಅಕ್ಕಾ," ಎಂದು ಹುಡುಗಿ ತಲೆ ತಗ್ಗಿಸಿದಳು. ಅವಳು ಹೇಳಿದ್ದು ನಿಜ. ಅದಕ್ಕೇ ಈ ಪತ್ರ ಅವಳಿಗಲ್ಲ, ನಿಮಗೆ.

ಅಲ್ಲಿಂದಲೇ ಉಲ್ಸಾನಿನಲ್ಲಿರುವ ತಮ್ಮನಿಗೆ ಫೋನ್ ಮಾಡಿದೆ. ನನಗಿಂತ ಎಂಟು ವರ್ಷ ಚಿಕ್ಕವನು, ನಾನೇ ಬೆನ್ನ ಮೇಲೆ ಹೊತ್ತು ಬೆಳೆಸಿದವನು.

"ಫೋಟೋ ಕಳ್ಸಕ್ಕಾ, ಸೈನ್ ಮಾಡಿ ಕಳಿಸ್ತೀನಿ."

"ಏನಕ್ಕೆ ಅಂತ ಕೇಳಲ್ವೇನೋ?"

"ಅಯ್ಯೋ, ಹೆಂಗಸರ ವಿಷಯ, ನಂಗ್ಯಾಕೆ ಹೇಳ್ತೀಯ! ಎಲ್ಲಿ ಸೈನ್ ಮಾಡ್ಬೇಕು ಅಷ್ಟು ಹೇಳು ಸಾಕು."

ಒಳ್ಳೆಯ ಹುಡುಗ. ಅವನ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಯೋಚಿಸಿ ನೋಡಿ ನಿರ್ದೇಶಕರೇ. ಎಲ್ಲವನ್ನೂ ಓದಿದ ನನ್ನ ಸಹಿ ನಿಮಗೆ ಸಾಲದು. ಒಂದಕ್ಷರವನ್ನೂ ಓದದ, ವಿಷಯದ ಹೆಸರೆತ್ತಿದರೆ ಕಿವಿ ಮುಚ್ಚಿಕೊಳ್ಳುವ ಅವನ ಸಹಿ ಸಾಕು. ನೀವು ಕೇಳುತ್ತಿರುವುದು ಒಪ್ಪಿಗೆಯನ್ನೋ, ಗಂಡಸಿನ ಹೆಸರನ್ನೋ? ವಯಸ್ಕ ರೋಗಿಗೆ ತಿಳಿಯುವ ಶಕ್ತಿ ಇರುವಾಗ ಅವಳ ಒಪ್ಪಿಗೆಯೇ ಸಾಕು ಎನ್ನುತ್ತದೆ ನಮ್ಮ ಕಾನೂನು. ಕಾನೂನು ಕೇಳದ್ದನ್ನು ಕೇಳುವ ಅಧಿಕಾರ ನಿಮಗೆ ಕೊಟ್ಟವರು ಯಾರು? ನಿಮ್ಮ ಪೋಷಕರೇ?

"ಬೇಡ ಕಣೋ, ಕಳಿಸಲ್ಲ," ಎಂದು ಫೋನ್ ಇಟ್ಟೆ.

ಇದು ಹಟವೇ ಎಂದು ಆಮೇಲೆ ಬಹಳ ಸಲ ಕೇಳಿಕೊಂಡಿದ್ದೇನೆ. "ಒಂದು ಸೈನಿಗೋಸ್ಕರ ಸಾಯ್ತೀಯೇನೇ?" ಎಂದು ಅಮ್ಮ ಅತ್ತರು. ಈ ನಡುವೆ ಇನ್ನೊಂದು ಮುಟ್ಟು ಬಂದು, ತುರ್ತು ವಿಭಾಗದಲ್ಲಿ ಮಲಗಿ ರಕ್ತ ಏರಿಸಿಕೊಂಡು ಬಂದೆ. ಇನ್ನೊಂದು ಸಲ ಹೀಗಾದರೆ ಎದ್ದು ಬರುತ್ತೇನೆಂಬ ಖಾತರಿ ನನಗಿಲ್ಲ. ಹಟವೇ ಇರಬಹುದು. ತಮ್ಮನೂ ಇಲ್ಲದವಳು, ತಮ್ಮನಿಗೆ ಹೇಳಲಾರದವಳು ಇದೇ ಕೌಂಟರಿನಿಂದ ಸದ್ದಿಲ್ಲದೆ ವಾಪಸು ಹೋಗಿರುತ್ತಾಳಲ್ಲ, ಅವಳ ನೆನಪಾದರೆ ಹಟ ಬಿಡಲು ಮನಸ್ಸು ಬರುವುದಿಲ್ಲ.

ಆ ಗೆರೆಯನ್ನು ಹೊಡೆದುಹಾಕಿ. ನಾನು ಕೇಳುವುದು ಅಷ್ಟೇ. ಒಳಗೆ ಕತ್ತರಿ ಆಡುವಾಗ ಹೊರಗೆ ಯಾರಾದರೂ ಕಾಯುತ್ತಿರಬೇಕು ಎನ್ನುವುದು ನ್ಯಾಯವೇ. ಯಾರು ಕಾಯಬೇಕು, ಯಾರಿಗೆ ಸುದ್ದಿ ಹೇಳಬೇಕು ಎಂದು ರೋಗಿಯನ್ನೇ ಕೇಳಿ. ನಾನು ಸುಗ್ಯಂಗ್ ಹೆಸರು ಹೇಳುತ್ತೇನೆ.

ಬರುವ ಗುರುವಾರ ನನಗೆ ಮತ್ತೆ ದಿನ ಕೊಟ್ಟಿದ್ದೀರಿ. ಅವತ್ತೂ ಆ ಗೆರೆ ಖಾಲಿಯೇ ಇರುತ್ತದೆ. ನನ್ನನ್ನು ವಾಪಸು ಕಳಿಸುವುದಾದರೆ ಆ ಪಾಪದ ಹುಡುಗಿಯ ಬಾಯಲ್ಲಿ ಹೇಳಿಸಬೇಡಿ, ನೀವೇ ಕೆಳಗಿಳಿದು ಬಂದು ಹೇಳಿ. ಗುರುತು ಹಿಡಿಯುವುದು ಕಷ್ಟವಲ್ಲ. ಕೌಂಟರಿನ ಎದುರಿನ ಕುರ್ಚಿಯಲ್ಲಿ ಇರುತ್ತೇನೆ. ಅಂಚಿನಲ್ಲಲ್ಲ, ಬೆನ್ನು ಆನಿಸಿ, ಪೂರ್ತಿಯಾಗಿ. ಬಿಳಿ ಪ್ಯಾಂಟು ಹಾಕಿಕೊಂಡು.

ಇಂತಿ,
ಹೆರದ ಬಾಣಂತಿ, ಯಾರ ಸುಪರ್ದಿಗೂ ಸೇರದವಳು,
ಓಕ್ ಜಂಗ್‌ರಿಮ್
ದೇಗು

ಪೋಷಕರ ಸಹಿ: ಅನ್ವಯಿಸುವುದಿಲ್ಲ